ನೆನಪು ಅಳಿದರೆ ನೋವು ಅಳಿಯಿತೇ?

ಶಿಲುಬೆಗೇರಿಸುವ ಮುನ್ನ ಯೇಸುವಿಗೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಕೊಡಲು ಹೋದರು, ಅವರು ಅದನ್ನು ತೆಗೆದುಕೊಳ್ಳಲಿಲ್ಲ ಎಂದು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಹಾಗಾದರೆ ನೋವನ್ನು ಮಂಕಾಗಿಸುವ ಔಷಧಿ ಕ್ರೈಸ್ತರಾದ ನಮಗೆ ಬೇಡವೇ? ಈ ಪ್ರಶ್ನೆ ಹಳೆಯದು.

1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದರು. ಹೆಣ್ಣು ನೋವಿನಿಂದಲೇ ಹೆರಬೇಕೆಂದು ಆದಿಕಾಂಡದಲ್ಲಿದೆಯಲ್ಲ ಎಂಬ ಆಕ್ಷೇಪಕ್ಕೆ ಅವರು ಅದೇ ಆದಿಕಾಂಡದಿಂದ ಉತ್ತರ ಕೊಟ್ಟರು: ಆದಾಮನ ಪಕ್ಕೆಲುಬನ್ನು ತೆಗೆಯುವ ಮೊದಲು ದೇವರು ಅವನಿಗೆ ಗಾಢನಿದ್ರೆ ಬರಿಸಿದರಲ್ಲವೇ? 1853ರಲ್ಲಿ ವಿಕ್ಟೋರಿಯಾ ರಾಣಿಯೂ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡರು.

ಮುಂದಿನ ಹೆಜ್ಜೆ ವಿಚಿತ್ರವಾದುದು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ವೈದ್ಯರಾದ ಗೌಸ್ ಮತ್ತು ಕ್ರೋನಿಗ್ ಮಾರ್ಫಿನ್ ಜೊತೆಗೆ ಸ್ಕೋಪೊಲಮೈನ್ ಕೊಡತೊಡಗಿದರು. ಇದನ್ನು 'ಮುಸ್ಸಂಜೆಯ ನಿದ್ದೆ' ಎಂದು ಕರೆದರು. ತಾಯಂದಿರು ನೋವಿನಿಂದ ಕೂಗುತ್ತಿದ್ದರು, ಹೊರಳಾಡುತ್ತಿದ್ದರು. ಎಚ್ಚರವಾದ ಮೇಲೆ ಅದೊಂದೂ ನೆನಪಿರುತ್ತಿರಲಿಲ್ಲ. 1914ರಲ್ಲಿ ಅಮೆರಿಕದ ಮಹಿಳೆಯರು ಸಂಘ ಕಟ್ಟಿ ಈ ಚಿಕಿತ್ಸೆ ನಮಗೂ ಬೇಕೆಂದು ಹೋರಾಡಿದರು. ಆದರೆ ಅಲ್ಲಿನ ಎಷ್ಟೋ ಆಸ್ಪತ್ರೆಗಳಲ್ಲಿ ತಾಯಂದಿರ ಕೈಕಾಲುಗಳನ್ನು ಮಂಚಕ್ಕೆ ಕಟ್ಟಿ, ಒಬ್ಬೊಬ್ಬರನ್ನೇ ಬಿಟ್ಟುಹೋಗುವುದು ರೂಢಿಯಾಯಿತು. ಕೆಲವು ಶಿಶುಗಳು ಉಸಿರಾಡಲು ಕಷ್ಟಪಡುತ್ತಾ ಹುಟ್ಟಿದವು. ತಾಯಿಗೆ ನೆನಪಿಲ್ಲದ್ದರಿಂದ ದೂರುವವರೂ ಕಡಿಮೆಯಿದ್ದರು.

ಇಲ್ಲಿಯೇ ನಾವು ನಿಂತು ಯೋಚಿಸಬೇಕು. ನೆನಪು ಅಳಿಸಿದ ಮಾತ್ರಕ್ಕೆ ನೋವು ಇರಲಿಲ್ಲವೆಂದು ಆಗುವುದಿಲ್ಲ.

1957ರ ಫೆಬ್ರವರಿ 24ರಂದು ಹನ್ನೆರಡನೇ ಪಿಯುಸ್ ಪೋಪರು ಅರಿವಳಿಕೆ ವೈದ್ಯರ ಪ್ರಶ್ನೆಗಳಿಗೆ ಉತ್ತರಿಸಿದರು. ನೋವನ್ನು ನೋವಿಗಾಗಿಯೇ ಬಯಸುವ ಕಟ್ಟಳೆ ಕ್ರೈಸ್ತನಿಗಿಲ್ಲ. ಬೇರೆ ದಾರಿಯಿಲ್ಲದಾಗ, ಪ್ರಜ್ಞೆ ಮಂಕಾದರೂ ನೋವು ನಿವಾರಕ ಕೊಡಬಹುದು. ಆದರೆ ಗಂಭೀರ ಕಾರಣವಿಲ್ಲದೆ ಸಾಯುತ್ತಿರುವವರ ಪ್ರಜ್ಞೆಯನ್ನು ಕಸಿಯಬಾರದು. ಯೇಸು ಆ ಪಾನೀಯವನ್ನು ಬೇಡವೆಂದದ್ದು ಅವರ ಸ್ವಂತ ಅರ್ಪಣೆ. ಅದನ್ನು ಇನ್ನೊಬ್ಬರ ಮೇಲೆ ಹೇರುವ ಹಕ್ಕು ನಮಗಿಲ್ಲ.

ಇಂದು ತೀವ್ರ ನಿಗಾ ಘಟಕದಲ್ಲಿ ಕೊಡುವ ಮಿಡಜೋಲಮ್ ಕೂಡ ನೆನಪನ್ನು ತಡೆಯುತ್ತದೆ, ಆದರೆ ಅದು ನೋವು ನಿವಾರಕವಲ್ಲ. ಅದಕ್ಕೇ ಮೊದಲು ನೋವಿಗೆ ಮದ್ದು, ಆಮೇಲೆ ನಿದ್ದೆಗೆ ಎಂಬುದು ಈಗಿನ ವೈದ್ಯರ ಕ್ರಮ. ಕೆಲವು ದೇಶಗಳ ಆಸ್ಪತ್ರೆಗಳಲ್ಲಿ ದಾದಿಯರೂ ಮನೆಯವರೂ ರೋಗಿಗಾಗಿ ದಿನಚರಿ ಬರೆದಿಡುತ್ತಾರೆ: ಇಂದು ಜ್ವರ ಇಳಿಯಿತು, ಮಗಳು ಬಂದು ಕೈ ಹಿಡಿದು ಕುಳಿತಿದ್ದಳು. ಎಚ್ಚರವಾದವರಿಗೆ ಕಳೆದುಹೋದ ದಿನಗಳು ಹೀಗೆ ಮರಳಿ ಸಿಗುತ್ತವೆ.

ಗೆಳೆಯರೇ, ಗೆತ್ಸೆಮನಿ ತೋಪಿನಲ್ಲಿ ಯೇಸು ತಮ್ಮೊಡನೆ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿದರು. ಅವರು ನಿದ್ದೆಹೋದರು. ಔಷಧಿ ಕೊಡುವುದು ವೈದ್ಯರ ಕೆಲಸ. ರೋಗಿಯ ಪಕ್ಕದಲ್ಲಿ ಎಚ್ಚರವಾಗಿ ಕೂರುವುದು ನಮ್ಮ ಕೈಯಲ್ಲಿದೆ. ಅವರಿಗೆ ನೆನಪಿರಲಿ, ಬಿಡಲಿ.