ಬೆದ್ದಲಿನಲ್ಲಿ ಯಾವ ಕಾಳು?

ದಾನಶಾಸನ ಓದುವಾಗ ನಮ್ಮ ಕಣ್ಣು ಮೊದಲು ಹುಡುಕುವುದು ಅರಸನ ಹೆಸರು, ತಿಥಿ, ದಾನಿ, ದೇವರು. ಭೂಮಿಯ ವಿವರ ಬಂದಾಗ ‘ಗದ್ದೆ ಇಷ್ಟು, ಬೆದ್ದಲು ಇಷ್ಟು’ ಅಂತ ಗುರುತು ಹಾಕ್ಕೊಂಡು ಮುಂದಕ್ಕೆ ಹೋಗ್ತೀವಿ. ನಾನೂ ಬಹಳ ವರ್ಷ ಹಾಗೇ ಮಾಡಿದವನು. ಬೆದ್ದಲು ಅಂದ್ರೆ ಮಳೆಯನ್ನೇ ನಂಬಿದ ಹೊಲ. ನನ್ನ ಟಿಪ್ಪಣಿಗಳಲ್ಲಿ ಅದು ‘ಒಣಭೂಮಿ’ ಆಗಿತ್ತು. ಬರೆಯುತ್ತಾ ಬರೆಯುತ್ತಾ ಮನಸ್ಸಿನಲ್ಲಿ ‘ಬರಡು’ ಅಂತಲೇ ಕೂತುಬಿಟ್ಟಿತ್ತು.

ಅದನ್ನು ತಿದ್ದಿದವರು ಅರಸೀಕೆರೆ ಸೀಮೆಯ ಒಬ್ಬ ಅಜ್ಜಿ. ಅವರ ಹೊಲದ ಬದುವಿನಲ್ಲಿದ್ದ ಹೊಯ್ಸಳರ ಕಾಲದ ಕಲ್ಲು ನೋಡೋಕೆ ಹೋಗಿದ್ದೆ. “ಬೆದ್ದಲು ಅಂತ ಬರೆದಿದ್ದಾರೆ ಅಜ್ಜಿ, ಇಲ್ಲಿ ಆಗ ಏನೂ ಬೆಳೀತಿರಲಿಲ್ಲ ಅನ್ಸುತ್ತೆ” ಅಂದೆ. ಅವರು ನಕ್ಕರು. “ಬೆದ್ಲಲ್ಲಿ ಬೆಳೀದೆ ಇನ್ನೆಲ್ ಬೆಳೀತಾರಪ್ಪಾ? ಮಳೆ ಹಿಡುದ್ರೆ ರಾಗಿ ಹಾಕಿ ಅಕ್ಕಡಿಗೆ ಅವರೆ, ತೊಗರಿ ಬಿಡೋದು. ಹಿಡೀಲಿಲ್ವಾ, ಹಿಂದ್ಲಿಂದ ಹುರುಳಿ ಚೆಲ್ಲೋದು. ಹೊಲ ಬೀಳು ಬಿಡಕ್ಕಾಯ್ತದಾ?”

ಮನೆಗೆ ಬಂದು ಹಳೆಯ ಟಿಪ್ಪಣಿಗಳನ್ನು ಮತ್ತೆ ತೆಗೆದೆ. ಹೊಯ್ಸಳರ ಹಲವು ದಾನಗಳಲ್ಲಿ ಗದ್ದೆಗೆ ಸಲಗೆ, ಕೊಳಗದ ಲೆಕ್ಕ. ಬೆದ್ದಲಿಗೆ ಕಂಬದ ಲೆಕ್ಕ. ಸಲಗೆ, ಕೊಳಗ ಕಾಳಿನ ಅಳತೆಗಳು. ಇಷ್ಟು ಬಿತ್ತನೆ ಹಿಡಿಯುವ ನೆಲ ಎಂದರ್ಥ. ಗದ್ದೆಗೆ ಬೀಳುವ ಬೀಜ ಯಾವುದೆಂದು ಎಲ್ಲರಿಗೂ ಗೊತ್ತು, ಅದು ಭತ್ತ. ಕಂಬವಾದರೋ ನೆಲವನ್ನಷ್ಟೇ ಅಳೆಯುತ್ತದೆ. ಬೆದ್ದಲಿಗೂ ಕೊಳಗದ ಲೆಕ್ಕ ಸಿಗುವುದುಂಟು, ಹಾಗಾಗಿ ಇದನ್ನು ನಿಯಮ ಅನ್ನಲಾರೆ. ಆದರೂ ನನಗೆ ಅನ್ನಿಸುವುದಿಷ್ಟು: ಬೆದ್ದಲಿನ ಬೀಜ ಆಯಾ ವರ್ಷ ರೈತ ತೀರ್ಮಾನ ಮಾಡಬೇಕಾದದ್ದು. ಅದನ್ನು ಆಚಂದ್ರಾರ್ಕವಾಗಿ ಕಲ್ಲಿನಲ್ಲಿ ಕೊರೆಯಲು ಬರುವುದಿಲ್ಲ.

ತೀರ್ಮಾನಕ್ಕೆ ಆಧಾರ ಎರಡು: ಮಣ್ಣು ಮತ್ತು ಮಳೆ ಬಂದ ಹೊತ್ತು. ಎರೆಹೊಲದಲ್ಲಿ ಮುಂಗಾರು ಬೇಗ ಬಿದ್ದರೆ ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಹೆಸರು. ಆಮೇಲೆ ಅದೇ ಹೊಲಕ್ಕೆ ಹಿಂಗಾರಿ ಜೋಳ. ಹಸ್ತ-ಚಿತ್ತೆ ಮಳೆಯ ಹಸಿ ಹಿಡಿದಿಟ್ಟುಕೊಂಡ ಎರೆಗೆ ಕಡಲೆ. ಆಮೇಲೆ ಮಳೆ ಬಾರದಿದ್ದರೂ ಅದು ಆ ತೇವದಲ್ಲೇ ಬೆಳೆಯುತ್ತದೆ. ತೊಗರಿ ಆಳಕ್ಕೆ ಬೇರಿಳಿಸಿ ಐದಾರು ತಿಂಗಳು ಕಾಯುತ್ತದೆ. ತೆಳು ಕೆಂಪುಮಣ್ಣು, ತಡವಾದ ಮಳೆ ಅಂದ್ರೆ ಹುರುಳಿಯೇ ಗತಿ. ಉತ್ತರದ ಶಾಸನಗಳು ಮತ್ತರಿನ ಲೆಕ್ಕದ ಜೊತೆ ಎರೆ, ಕರಿಯ ನೆಲ ಎಂದು ಮಣ್ಣನ್ನೂ ಹೇಳಿದಾಗ, ಬೆಳೆಯ ಹೆಸರಿಲ್ಲದಿದ್ದರೂ ರೈತನ ಮುಂದಿದ್ದ ಆಯ್ಕೆಗಳು ನಮಗೆ ಕಾಣುತ್ತವೆ.

ಹಾಗಾದರೆ ಕಾಳುಗಳ ಹೆಸರು ಶಾಸನದಲ್ಲಿ ಬರುವುದೇ ಇಲ್ಲವೇ? ಬರುತ್ತದೆ. ನಾನು ಓದಿದ ನೈವೇದ್ಯದ ಪಟ್ಟಿಗಳಲ್ಲಿ ಅಕ್ಕಿ, ತುಪ್ಪದ ಜೊತೆ ಹೆಸರು ಇದೆ, ಹುರುಳಿ ಕಂಡಿಲ್ಲ. ದೇವರ ಅಡುಗೆಮನೆಗೆ ಹೋದದ್ದು ಕಲ್ಲಿಗೆ ಬಂತು, ರೈತನ ಮನೆಯಲ್ಲಿ ಬೆಂದದ್ದು ಬರಲಿಲ್ಲ.

ಮಣ್ಣು ಮಾತ್ರ ಅದನ್ನು ಉಳಿಸಿಕೊಂಡಿದೆ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಯ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಯಾದ ಹುರುಳಿ ಕಾಳುಗಳು ಸಿಕ್ಕಿವೆ. ಮಸ್ಕಿ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೊರೆಯುವುದಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಆ ಅಜ್ಜಿ ಹೇಳಿದ ‘ಹುರುಳಿ ಚೆಲ್ಲೋದು’ ನಮ್ಮ ನಾಡಿನ ಅತ್ಯಂತ ಹಳೆಯ ಶಾಸನಕ್ಕಿಂತಲೂ ಹಳೆಯ ಕೆಲಸ.

ವಿಜಯನಗರ ಕಾಲದ ಶಾಸನಗಳು ನೀರಾರಂಭದ ಜೊತೆಗೇ ಕಾಡಾರಂಭವನ್ನೂ ಹೇಳುತ್ತವೆ. ಮಳೆಯಾಸರೆಯ ಈ ಬೇಸಾಯವೂ ‘ಆರಂಭ’ವೇ, ಅಲ್ಲಿಂದಲೂ ತೆರಿಗೆ ಬರುತ್ತಿತ್ತು. ಕೆರೆ, ಕಾಲುವೆ, ಗದ್ದೆಗಳ ಮೇಲೆ ನಾವು ಬೇಕಾದಷ್ಟು ಬರೆದಿದ್ದೇವೆ. ಇನ್ನು ಮುಂದೆ ನಾನು ಬೆದ್ದಲಿನ ಸಾಲು ಬಂದಾಗ ಮಣ್ಣಿನ ಬಣ್ಣ, ಅಳತೆಯ ಬಗೆ, ಕಲ್ಲು ನಿಂತ ಹೊಲದಲ್ಲಿ ಈಗ ಏನು ಬಿತ್ತುತ್ತಾರೆ ಎನ್ನುವ ಮೂರನ್ನೂ ಬರೆದುಕೊಳ್ಳಬೇಕು ಅಂತಿದ್ದೀನಿ. ಕ್ಷೇತ್ರಕಾರ್ಯಕ್ಕೆ ಹೋಗುವವರು ನೀವೂ ಒಮ್ಮೆ ಕೇಳಿ ನೋಡಿ.