ಸ್ಟೇ ಬಂದಾಗ ಮಹಾಡ್‌ನಲ್ಲಿ ಏನಾಯ್ತು?



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಸಭೆಗಳಲ್ಲಿ ಒಂದು ಜಗಳ ಪದೇ ಪದೇ ಬರುತ್ತೆ. ಸ್ಮಶಾನದ ದಾರಿಗೋ, ಸಮುದಾಯ ಭವನದ ಜಾಗಕ್ಕೋ, ಬಾಬಾಸಾಹೇಬರ ನಾಮಫಲಕಕ್ಕೋ ಹೋರಾಟ ಶುರುವಾಗುತ್ತೆ. ಅಕ್ಕಪಕ್ಕದ ಮನೆಯವರು ‘ಇದರಿಂದ ನಮಗೆ ತೊಂದರೆ’ ಅಂತ ಅರ್ಜಿ ಕೊಡ್ತಾರೆ. ಅದರ ಹಿಂದೆಯೇ ಯಾರೋ ಕೋರ್ಟಿಗೆ ಹೋಗಿ ಸ್ಟೇ ತರ್ತಾರೆ. ಅವತ್ತು ರಾತ್ರಿ ನಮ್ಮ ಸಭೆ ಎರಡು ಹೋಳು. ಕೆಲವರು ‘ಸ್ಟೇ ಮುರಿಯೋಣ, ಜೈಲಿಗೆ ಹೋಗೋಣ’ ಅಂತಾರೆ. ಇನ್ನು ಕೆಲವರು ‘ವಕೀಲರು ನೋಡ್ಕೋತಾರೆ, ತೀರ್ಪು ಬರೋವರೆಗೂ ಸುಮ್ಮನಿರೋಣ’ ಅಂತಾರೆ. ಇವರು ಅವರನ್ನು ಹುಡುಗಾಟದವರು ಅಂತಾರೆ, ಅವರು ಇವರನ್ನು ಹೇಡಿಗಳು ಅಂತಾರೆ. ಮಜಾ ಏನಂದ್ರೆ, ಎರಡೂ ಕಡೆಯವರು ಬಾಬಾಸಾಹೇಬರ ಹೆಸರನ್ನೇ ಹೇಳ್ತಾರೆ.

ಹಾಗಾದ್ರೆ ಇದೇ ಪ್ರಶ್ನೆ ಬಾಬಾಸಾಹೇಬರ ಎದುರಿಗೇ ಬಂದು ನಿಂತಾಗ ಏನಾಯ್ತು? ಅದನ್ನು ಬರೆಯೋಣ ಅಂತ ಕೂತಿದ್ದೀನಿ.

ಮಹಾಡ್ ಅಂದ ಕೂಡಲೇ ನಮಗೆ ಎರಡು ದಿನಾಂಕ ನೆನಪಾಗುತ್ತವೆ. 1927ರ ಮಾರ್ಚ್ 20, ಚೌದಾರ್ ಕೆರೆಯ ನೀರು ಕುಡಿದ ದಿನ. 1927ರ ಡಿಸೆಂಬರ್ 25, ಮನುಸ್ಮೃತಿ ಸುಟ್ಟ ದಿನ. ಈ ಎರಡರ ಮಧ್ಯೆ ಒಂದು ಸಿವಿಲ್ ದಾವೆ ಇದೆ, ಒಂದು ತಡೆಯಾಜ್ಞೆ ಇದೆ. ಡಿಸೆಂಬರ್‌ನಲ್ಲಿ ಸಾವಿರಾರು ಜನ ಸೇರಿದರೂ ಕೆರೆಯ ನೀರು ಮುಟ್ಟಲಿಲ್ಲ. ಈ ಭಾಗವನ್ನು ನಾವು ಭಾಷಣಗಳಲ್ಲಿ ಹೇಳೋದೇ ಕಡಿಮೆ.

ಮೊದಲು ಹಿನ್ನೆಲೆ ನೋಡೋಣ.

1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತು ಸೀತಾರಾಮ ಕೇಶವ ಬೋಲೆ ಅವರು ಮಂಡಿಸಿದ ಠರಾವನ್ನು ಒಪ್ಪಿತು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಸರ್ಕಾರಿ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳನ್ನೂ ಬಳಸಲು ಅಸ್ಪೃಶ್ಯರಿಗೆ ಅವಕಾಶ ಕೊಡಬೇಕು ಎಂಬುದು ಅದರ ಸಾರ. ನಮ್ಮ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಆಗ ಇದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಹಾಗಾಗಿ ಇದು ಬರೀ ಮರಾಠಿ ಸೀಮೆಯ ಕಥೆ ಅಲ್ಲ.

ಕೊಲಾಬಾ ಜಿಲ್ಲೆಯ ಮಹಾಡ್ ಪುರಸಭೆ 1924ರ ಜನವರಿಯಲ್ಲಿ ಈ ಠರಾವಿಗೆ ತಕ್ಕಂತೆ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತು. ನಿರ್ಣಯ ಪುಸ್ತಕದಲ್ಲಿ ಉಳಿಯಿತು. ಮೂರು ವರ್ಷ ನಮ್ಮವರು ಆ ಕೆರೆಗೆ ಇಳಿಯೋಕೆ ಆಗಲಿಲ್ಲ. ಕೆರೆಯ ಸುತ್ತ ಇದ್ದದ್ದು ಸವರ್ಣೀಯರ ಮನೆಗಳು. ಕಾನೂನು ಒಂದು ಕಡೆ, ಪಕ್ಕದ ಮನೆಯವರ ಕಣ್ಣು ಇನ್ನೊಂದು ಕಡೆ. ಅದೇ ಕೆರೆಯ ನೀರನ್ನು ಮುಸ್ಲಿಮರು ಬಳಸುತ್ತಿದ್ದರು. ಅವರು ಮುಟ್ಟಿದರೆ ಕೆಡದ ನೀರು ನಾವು ಮುಟ್ಟಿದರೆ ಕೆಡುತ್ತಿತ್ತು!

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಪರಿಷತ್ತು ನಡೆಯಿತು. ರಾಮಚಂದ್ರ ಬಾಬಾಜಿ ಮೋರೆ ಅವರಂಥ ಸ್ಥಳೀಯ ಕಾರ್ಯಕರ್ತರು ಅದಕ್ಕಾಗಿ ದುಡಿದಿದ್ದರು. ಪುರಸಭೆಯ ನಿರ್ಣಯವನ್ನು ಜಾರಿಗೆ ತರೋಣ, ಎಲ್ಲರೂ ಕೆರೆಗೆ ಹೋಗೋಣ ಅಂತ ಸೂಚಿಸಿದವರು ಅನಂತರಾವ್ ಚಿತ್ರೆ. ಬಾಬಾಸಾಹೇಬರು ಮುಂದೆ ನಡೆದರು, ನೀರು ಕುಡಿದರು, ಜನ ಕುಡಿದರು. ಅದಾದ ಕೆಲವೇ ಹೊತ್ತಿಗೆ ‘ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ತಾರಂತೆ’ ಅಂತ ಸುಳ್ಳು ಸುದ್ದಿ ಹಬ್ಬಿತು. ಊರಿಗೆ ಮರಳಲು ಗಂಟುಮೂಟೆ ಕಟ್ಟುತ್ತಿದ್ದವರ ಮೇಲೆ ದೊಣ್ಣೆಗಳು ಬಿದ್ದವು. ಅನೇಕರು ಮುಸ್ಲಿಮರ ಮನೆಗಳಲ್ಲಿ ಆಶ್ರಯ ಪಡೆದು ಜೀವ ಉಳಿಸಿಕೊಂಡರು. ತಿರುಗಿ ಹೊಡೆಯಲು ನಮ್ಮವರಲ್ಲಿ ಬೇಕಾದಷ್ಟು ಜನ ತಯಾರಿದ್ದರು. ಬಾಬಾಸಾಹೇಬರು ಅವರನ್ನು ತಡೆದರು. ಹಲ್ಲೆಕೋರರ ಮೇಲೆ ಕೇಸಾಯಿತು, ಐವರಿಗೆ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಅತ್ತ ಸವರ್ಣೀಯರು 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ತುಂಬಿ, ಮಂತ್ರ ಹೇಳಿಸಿ ಕೆರೆಯನ್ನು ‘ಶುದ್ಧ’ ಮಾಡಿದರು. ಪುರಸಭೆಯೂ ಆಗಸ್ಟ್‌ನಲ್ಲಿ ತನ್ನ ಹಳೆಯ ನಿರ್ಣಯವನ್ನು ಹಿಂದಕ್ಕೆ ಪಡೆಯಿತು.

ಹೀಗಾಗಿ ಡಿಸೆಂಬರ್ 25ರಿಂದ ಮತ್ತೆ ಸತ್ಯಾಗ್ರಹ ಅಂತ ತೀರ್ಮಾನವಾಯಿತು.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ. ಇಲ್ಲಿ ನಮ್ಮ ಇವತ್ತಿನ ಜಗಳ ಇದೆ.

ಸತ್ಯಾಗ್ರಹಕ್ಕೆ ಎರಡು ವಾರ ಕೂಡ ಉಳಿದಿರಲಿಲ್ಲ. ಡಿಸೆಂಬರ್ 12ರಂದು ಮಹಾಡ್‌ನ ಕೆಲವು ಸವರ್ಣೀಯರು ಅಲ್ಲಿನ ಸಿವಿಲ್ ಕೋರ್ಟಿನಲ್ಲಿ ಬಾಬಾಸಾಹೇಬರು, ಶಿವತರ್ಕರ್ ಮೊದಲಾದವರ ಮೇಲೆ ದಾವೆ ಹೂಡಿದರು. ಇದು ಸಾರ್ವಜನಿಕ ಕೆರೆಯೇ ಅಲ್ಲ, ಅಸ್ಪೃಶ್ಯರು ಇದನ್ನು ಬಳಸದಿರುವುದು ಅನಾದಿ ಕಾಲದಿಂದ ಬಂದ ಪದ್ಧತಿ ಎಂಬುದು ಅವರ ವಾದ. ಡಿಸೆಂಬರ್ 14ರಂದು ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಮಾರ್ಚ್‌ನಲ್ಲಿ ದೊಣ್ಣೆ ಹಿಡಿದು ಬಂದವರ ಊರೇ ಈಗ ಕಾಗದ ಹಿಡಿದು ಬಂತು. ಬೋಲೆ ಠರಾವು ನಮ್ಮ ಪರ ಇತ್ತು, ಕೋರ್ಟಿನ ಆದೇಶ ನಮ್ಮ ವಿರುದ್ಧ ಆಯ್ತು.

ಸಭೆಗೆ ಜಾಗ ಕೊಡಲು ಹಿಂದೂಗಳು ಒಪ್ಪಲಿಲ್ಲ. ಫತೇಖಾನ್ ಎಂಬ ಮುಸ್ಲಿಮರು ತಮ್ಮ ಜಮೀನು ಕೊಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ, ದವಸಧಾನ್ಯ ಹೊರಗಿನಿಂದ ತರಿಸಬೇಕಾಯಿತು. ಬಾಬಾಸಾಹೇಬರು ಮುಂಬಯಿಯಿಂದ ‘ಪದ್ಮಾವತಿ’ ಎಂಬ ಹಡಗಿನಲ್ಲಿ ದಾಸಗಾಂವ್ ಬಂದರಿಗೆ ಬಂದು, ಅಲ್ಲಿಂದ ಮಹಾಡ್‌ಗೆ ಹೋದರು.

25ರಂದು ಪರಿಷತ್ತು ಶುರುವಾಯಿತು. ಅಧ್ಯಕ್ಷ ಭಾಷಣದಲ್ಲಿ ಬಾಬಾಸಾಹೇಬರು ಈ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ನೀರು ಕುಡಿಯುವುದಷ್ಟೇ ಗುರಿಯಲ್ಲ, ಸಮಾನತೆಯ ಅಡಿಪಾಯ ಹಾಕುವುದು ಗುರಿ ಎಂಬ ಅರ್ಥದ ಮಾತು ಅದು. ಅದೇ ರಾತ್ರಿ ಮನುಸ್ಮೃತಿ ಸುಟ್ಟರು. ಸುಡುವ ನಿರ್ಣಯ ಮಂಡಿಸಿದವರು ಹುಟ್ಟಿನಿಂದ ಬ್ರಾಹ್ಮಣರಾದ ಸಹಸ್ರಬುದ್ಧೆ. ಬ್ರಾಹ್ಮಣರನ್ನು ದೂರ ಇಟ್ಟರೆ ಮಾತ್ರ ಬೆಂಬಲ ಅಂತ ಜೇಧೆ, ಜವಳಕರ್ ಹಾಕಿದ್ದ ಷರತ್ತನ್ನು ಬಾಬಾಸಾಹೇಬರು ಮೊದಲೇ ತಳ್ಳಿಹಾಕಿದ್ದರು.

26ರಂದು ನಿಜವಾದ ಪ್ರಶ್ನೆ ಎದುರಾಯಿತು: ತಡೆಯಾಜ್ಞೆ ಮುರಿಯಬೇಕೋ ಬೇಡವೋ? ಸತ್ಯಾಗ್ರಹದ ಪರ ಮಾತಾಡಿದರು, ವಿರುದ್ಧವೂ ಮಾತಾಡಿದರು. ಜಿಲ್ಲಾ ಕಲೆಕ್ಟರ್ ಸ್ವತಃ ಸಭೆಗೆ ಬಂದು ಕೋರ್ಟಿನ ಆದೇಶ ಮೀರಬೇಡಿ ಅಂತ ಹೇಳಿದರು. ಜೈಲಿಗೆ ಹೋದರೂ ಸರಿ ಅಂತ ಹೆಸರು ಬರೆಸಿದವರು ಎಷ್ಟು ಗೊತ್ತಾ? 3,884 ಜನ. ಮಾರ್ಚ್‌ನಲ್ಲಿ ಏಟು ತಿಂದ ಊರಿಗೇ ಮತ್ತೆ ಬಂದು ಹೆಸರು ಬರೆಸಿದ ಜನ. ಇವರಿಗೆ ‘ವಾಪಸ್ ಹೋಗಿ’ ಅಂತ ಹೇಳೋದು ಸಣ್ಣ ಮಾತಲ್ಲ.

27ರಂದು ಬಾಬಾಸಾಹೇಬರು ಸತ್ಯಾಗ್ರಹ ಮುಂದೂಡುವ ನಿರ್ಣಯವನ್ನು ತಾವೇ ಸಭೆಯ ಮುಂದಿಟ್ಟರು. ಅವರ ಲೆಕ್ಕ ಹೀಗಿತ್ತು. ನಮ್ಮ ಜಗಳ ಇರೋದು ಜಾತಿ ಹಿಂದೂಗಳ ಜೊತೆ. ಕೊನೇ ಗಳಿಗೆಯಲ್ಲಿ ಕೋರ್ಟಿಗೆ ಹೋಗಿ ಅವರು ಪಕ್ಕಕ್ಕೆ ಸರಿದು, ನಮ್ಮನ್ನು ಸರ್ಕಾರದ ಎದುರು ನಿಲ್ಲಿಸಿದ್ದಾರೆ. ಆದೇಶ ಮುರಿದರೆ ಬಂದೂಕು, ಜೈಲು ಎಲ್ಲ ಸರ್ಕಾರದ್ದು. ಸವರ್ಣೀಯರು ಮನೆ ಜಗಲಿಯ ಮೇಲೆ ಕೂತು ನೋಡ್ತಾರೆ. ಎರಡು ಕಡೆ ಒಟ್ಟಿಗೆ ಯುದ್ಧ ಮಾಡುವ ಬಲ ನಮಗಿಲ್ಲ. ಇದು ತಾತ್ಕಾಲಿಕ ಆದೇಶ, ದಾವೆಯನ್ನು ಎದುರಿಸೋಣ.

ನಿರ್ಣಯ ಪಾಸಾಯಿತು. ಆಮೇಲೆ ಮೆರವಣಿಗೆ ಹೊರಟಿತು. ಫಲಕ ಹಿಡಿದು, ಶಿಸ್ತಿನಿಂದ, ಚೌದಾರ್ ಕೆರೆಯ ಸುತ್ತಲೇ ಸುತ್ತಿ ಬಂದರು. ನೀರು ಮುಟ್ಟಬಾರದು ಅಂತ ಆದೇಶ ಇತ್ತು, ಮುಟ್ಟಲಿಲ್ಲ. ಆದರೆ ಕೆರೆಯ ಬೀದಿಯಲ್ಲಿ, ಆ ಮನೆಗಳ ಮುಂದೆಯೇ, ಸಾವಿರಾರು ಜನ ನಡೆದರು. ಅದೇ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನೇ ಉದ್ದೇಶಿಸಿ ಮಾತಾಡಿದರು. ನಮ್ಮ ಜಾತಿಯನ್ನು ದೂರದಿಂದಲೇ ಸಾರುವಂಥ ಉಡುಗೆ, ಒಡವೆ ಬಿಡಿ, ಸೀರೆ ಉಡುವ ರೀತಿ ಬದಲಿಸಿ ಅಂದರು.

ಇಲ್ಲಿ ನನಗೆ ಮುಖ್ಯ ಅನಿಸೋದು ಎರಡು ಸಂಗತಿ.

ಒಂದು, ಹಿಂದೆ ಸರಿಯುವ ತೀರ್ಮಾನ ಹೇಗಾಯಿತು ಎಂಬುದು. ನಾಲ್ಕು ಜನ ನಾಯಕರು ಕೋಣೆಯಲ್ಲಿ ಕೂತು ತೀರ್ಮಾನಿಸಿ ‘ಕಾರ್ಯಕ್ರಮ ರದ್ದಾಗಿದೆ’ ಅಂತ ಚೀಟಿ ಕಳಿಸಲಿಲ್ಲ. ಜೈಲಿಗೆ ಸಿದ್ಧರಾಗಿ ಬಂದವರ ಎದುರೇ ಚರ್ಚೆ ಆಯ್ತು, ಕಾರಣ ಹೇಳಿದರು, ನಿರ್ಣಯಕ್ಕೆ ಹಾಕಿದರು. ಮುರಿಯಬೇಕು ಅಂದವರನ್ನು ಹುಡುಗಾಟದವರು ಅಂತ ಹೀಯಾಳಿಸಲಿಲ್ಲ. ಅವರ ಸಿದ್ಧತೆಯೇ ಸಭೆಯ ಬಲ ಆಗಿತ್ತು. 3,884 ಹೆಸರು ಇಲ್ಲದೆ ಹೋಗಿದ್ದರೆ ಕಲೆಕ್ಟರ್ ಯಾಕೆ ಸಭೆಗೆ ಬರ್ತಿದ್ದ?

ಎರಡು, ಕೋರ್ಟು ತಡೆದದ್ದು ನೀರನ್ನು ಮಾತ್ರ. ಅವರು ನಿಲ್ಲಿಸಿದ್ದೂ ಅದೊಂದನ್ನೇ. ಗ್ರಂಥ ಸುಡೋದು, ಮೆರವಣಿಗೆ, ಹೆಣ್ಣುಮಕ್ಕಳ ಸಭೆ ಯಾವುದೂ ನಿಲ್ಲಲಿಲ್ಲ. ನಾವು ಏನು ಮಾಡ್ತೀವಿ? ಒಂದು ಜಾಗಕ್ಕೆ ಸ್ಟೇ ಬಂದರೆ ಸಂಘಟನೆಗೇ ಸ್ಟೇ ಬಂದ ಹಾಗೆ ಕೂತುಬಿಡ್ತೀವಿ. ವಾಯಿದೆಯಿಂದ ವಾಯಿದೆಗೆ ಬದುಕ್ತೀವಿ.

ಮುಂದೆ ದಾವೆ ಏನಾಯಿತು?

1928ರ ಫೆಬ್ರವರಿ 23ರಂದು ಅದೇ ಮಹಾಡ್ ಕೋರ್ಟು ತಡೆಯಾಜ್ಞೆ ತೆಗೆದುಹಾಕಿತು. ದಾವೆ ನಡೆಯುತ್ತಲೇ ಇತ್ತು. 1931ರ ಜೂನ್‌ನಲ್ಲಿ ತೀರ್ಪು ನಮ್ಮ ಪರ ಬಂತು. ಅವರು ಜಿಲ್ಲಾ ಕೋರ್ಟಿಗೆ ಮೇಲ್ಮನವಿ ಹೋದರು, ಅಲ್ಲೂ ಸೋತರು. ಅಲ್ಲಿಂದ ಮುಂಬಯಿ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಮತ್ತು ನ್ಯಾಯಮೂರ್ತಿ ವಾಡಿಯಾ ಅವರ ಪೀಠ ಮೇಲ್ಮನವಿಯನ್ನು ವಜಾ ಮಾಡಿತು. ಒಂದು ಕೆರೆಯ ನೀರಿಗೆ ಒಂಬತ್ತು ವರ್ಷ ಮೂರು ತಿಂಗಳು.

ಆ ಒಂಬತ್ತು ವರ್ಷ ಚಳವಳಿ ಕೋರ್ಟಿನ ಅಂಗಳದಲ್ಲಿ ಕೂತಿರಲಿಲ್ಲ. 1930ರಲ್ಲಿ ನಾಸಿಕದ ಕಾಳಾರಾಮ ದೇವಾಲಯ ಸತ್ಯಾಗ್ರಹ ಶುರುವಾಯಿತು. ದುಂಡುಮೇಜಿನ ಪರಿಷತ್ತು ನಡೆಯಿತು. 1932ರಲ್ಲಿ ಪೂನಾ ಒಪ್ಪಂದವಾಯಿತು. 1935ರಲ್ಲಿ ಯೇವಲಾದಲ್ಲಿ ‘ಹಿಂದೂವಾಗಿ ಸಾಯುವುದಿಲ್ಲ’ ಎಂಬ ಘೋಷಣೆ, 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ. ಹೈಕೋರ್ಟು ತೀರ್ಪು ಕೊಡುವ ಹೊತ್ತಿಗೆ ಬಾಬಾಸಾಹೇಬರು ಚುನಾವಣೆ ಗೆದ್ದು ಮುಂಬಯಿ ಶಾಸನಸಭೆಗೆ ಆಯ್ಕೆಯಾಗಿದ್ದರು. ದಾವೆ ತನ್ನ ಪಾಡಿಗೆ ನಡೆಯಿತು, ಚಳವಳಿ ಅದಕ್ಕೆ ಕಾಯಲಿಲ್ಲ.

ಇನ್ನು ಆ ಗೆಲುವು ಎಂಥದ್ದು ಅಂತಲೂ ನೋಡಬೇಕು. ಅಸ್ಪೃಶ್ಯತೆ ತಪ್ಪು ಅಂತ ಹೈಕೋರ್ಟು ಹೇಳಲಿಲ್ಲ. ಅನಾದಿ ಕಾಲದ ಪದ್ಧತಿ ಎಂಬುದನ್ನು ವಾದಿಗಳು ಸಾಬೀತುಪಡಿಸಿಲ್ಲ ಅಂತ ಮಾತ್ರ ಹೇಳಿತು. ಒಂದು ವೇಳೆ ಸಾಬೀತಾಗಿದ್ದರೆ, ಆ ಪದ್ಧತಿ ನ್ಯಾಯಸಮ್ಮತವೇ, ಸಾರ್ವಜನಿಕ ನೀತಿಗೆ ವಿರುದ್ಧವೇ ಎಂದು ನೋಡಬೇಕಾಗುತ್ತಿತ್ತೇನೋ ಎಂದು ಆ ಪ್ರಶ್ನೆಯನ್ನು ಹಾಗೇ ಬಿಟ್ಟಿತು. ಅಂದ್ರೆ ನಾವು ಗೆದ್ದದ್ದು ಅವರ ಪುರಾವೆ ಸಾಲದೆ. ಪುರಾವೆ ಬಲವಾಗಿ ಇದ್ದಿದ್ದರೆ? ಕೋರ್ಟನ್ನೇ ಪೂರ್ತಿ ನಂಬಿ ಕೂರುವವರು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಆ ಉಳಿದ ಪ್ರಶ್ನೆಗೆ ಉತ್ತರ ಬರೆದದ್ದು ಸಂವಿಧಾನ. 13ನೇ ವಿಧಿ ತೆಗೆದು ನೋಡಿ: ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಅಸಿಂಧು, ‘ಕಾನೂನು’ ಅಂದರೆ ರೂಢಿ, ಪದ್ಧತಿಗಳೂ ಸೇರಿ. 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಬರೆದಿದ್ದಾರೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ದೇಶದ ಸಂವಿಧಾನದಲ್ಲಿ ಕೆರೆ, ಬಾವಿ ಯಾಕೆ ಬಂದವು ಅಂತ ಮಕ್ಕಳು ಕೇಳಿದರೆ ಮಹಾಡ್‌ನ ಕಥೆ ಹೇಳಿ. ಪದ್ಧತಿ ನೂರು ವರ್ಷದ್ದೋ ಸಾವಿರ ವರ್ಷದ್ದೋ ಎಂಬ ವಾದಕ್ಕೆ ಈಗ ಬೆಲೆ ಇಲ್ಲ. ಕೋರ್ಟಿನಲ್ಲಿ ಒಂಬತ್ತು ವರ್ಷ ಹೋರಾಡಿದವರಿಗೆ ಯಾವ ಬಾಗಿಲು ಮುಚ್ಚಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಹಾಗಾದ್ರೆ ಸ್ಟೇ ಮುರಿಯಬೇಕೋ ಬೇಡವೋ? ಮಹಾಡ್‌ನಿಂದ ಒಂದೇ ಸಾಲಿನ ಉತ್ತರ ತೆಗೆಯೋಕೆ ಬರಲ್ಲ. ಅವರು ಮುರಿಯಲಿಲ್ಲ ಅಂತ ಎಂದೂ ಮುರಿಯಬಾರದು ಅಂತಲ್ಲ. ಆದರೆ ಅವತ್ತು ಅವರು ಕೇಳಿಕೊಂಡ ಪ್ರಶ್ನೆಗಳನ್ನು ನಾವೂ ಮುಂದಿನ ಸಭೆಯಲ್ಲಿ ಕೇಳಿಕೊಳ್ಳಬಹುದು. ಈಗ ನಮ್ಮ ಎದುರಾಳಿ ಯಾರು? ಆದೇಶ ಮುರಿದರೆ ಎದುರಾಳಿ ಬದಲಾಗ್ತಾನಾ? ಏಟು ತಿನ್ನೋರು, ಕೇಸು ಹಾಕಿಸಿಕೊಳ್ಳೋರು ಯಾರು, ಅವರನ್ನು ಕೇಳಿದ್ದೀವಾ? ಆದೇಶದಲ್ಲಿ ತಡೆದಿರೋದು ಎಷ್ಟು, ತಡೆಯದೆ ಉಳಿದಿರೋದು ಎಷ್ಟು? ಆ ಉಳಿದದ್ದರಲ್ಲಿ ನಾಳೆ ಬೆಳಿಗ್ಗೆ ಏನು ಮಾಡ್ತೀವಿ?

ಕೊನೇ ಪ್ರಶ್ನೆಗೆ ಉತ್ತರ ಇಲ್ಲದೆ ಸಭೆ ಮುಗಿಸಬೇಡಿ. ನಿಮ್ಮ ಊರಲ್ಲಿ ಇಂಥ ತಕರಾರು ನಡೀತಿದ್ರೆ, ಆದೇಶದ ಪ್ರತಿಯನ್ನು ಮೊದಲು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ. ಎಷ್ಟೋ ಕಡೆ ಅದನ್ನು ಓದಿದವರೇ ಇರಲ್ಲ.

ಜೈಭೀಮ್.