ಎಷ್ಟು ಶೆಲ್ಲಿನ ಬ್ಯಾಟ್ರಿ? ಕಾಫಿ ಸೀಮೆಯ ಕತ್ತಲಲ್ಲಿ ಬೆಳಕಿನ ದೂರ

ನಮ್ಮ ಕಡೆ ಟಾರ್ಚಿಗೆ ಟಾರ್ಚ್ ಅನ್ನುವವರು ಕಡಿಮೆ. ಅದು ಬ್ಯಾಟ್ರಿ. ಅದನ್ನು ಹಾಕುವುದಿಲ್ಲ, ಬಿಡುತ್ತೇವೆ. 'ಆ ಧರೆ ಕಡೆ ಸ್ವಲ್ಪ ಬ್ಯಾಟ್ರಿ ಬಿಡು ಮಾರಾಯ' ಅಂದರೆ ಗೋಣಿಬೀಡಿನಿಂದ ಕಳಸದವರೆಗೂ ಎಲ್ಲರಿಗೂ ಅರ್ಥವಾಗುತ್ತದೆ. ಒಳಗೆ ಹಾಕುವುದು ಶೆಲ್ಲು. ಬ್ಯಾಟ್ರಿಯ ತಾಕತ್ತು ಕೇಳಬೇಕಾದರೆ ಒಂದೇ ಪ್ರಶ್ನೆ: 'ಎಷ್ಟು ಶೆಲ್ಲಿನದು?'

ಇವತ್ತು ಅದೇ ಅಂಗಡಿಗೆ ಹೋದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಡಬ್ಬಿಯ ಮೇಲೆ ಲ್ಯುಮೆನ್, ವ್ಯಾಟ್, ಮೀಟರ್, ಕಿಲೋಮೀಟರ್ ಅಂತ ದೊಡ್ಡ ದೊಡ್ಡ ಅಂಕಿಗಳಿರುತ್ತವೆ. ಯಾವುದನ್ನು ನಂಬುವುದು? ಸಂಜೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಲೈನ್ ಮನೆಗೆ ನಡೆದು ಹೋಗುವವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಉತ್ತರ ಬೇಕಾದರೆ ಬೆಳಕು ನಮ್ಮ ಬೆಟ್ಟಗಳಿಗೆ ಹೇಗೆ ಬಂತು, ಅದನ್ನು ನಾವು ಹೇಗೆ ಅಳೆದೆವು ಎಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

ಸೂಡಿಯಿಂದ ಲಾಟೀನಿಗೆ

ಬ್ಯಾಟ್ರಿಗೆ ಮೊದಲು ಇದ್ದದ್ದು ಸೂಡಿ ಮತ್ತು ದೊಂದಿ. ಒಣಗಿದ ಗರಿ, ಬಿದಿರ ಸೀಳು, ಏನು ಸಿಕ್ಕಿತೋ ಅದನ್ನು ಕಟ್ಟು ಕಟ್ಟಿ ಹಚ್ಚುವುದು. ಸೂಡಿಯನ್ನು ಬೀಸುತ್ತ ನಡೆದರೆ ಉರಿ ಏಳುತ್ತದೆ, ನಿಂತರೆ ಮಂಕಾಗುತ್ತದೆ. ಅದರ ಬೆಳಕು ಸುತ್ತ ನಾಲ್ಕು ಹೆಜ್ಜೆ. ದಾರಿಯ ಕಲ್ಲು, ಹಾವು, ಹಳ್ಳದ ಅಂಚು ಕಂಡರೆ ಸಾಕು ಎನ್ನುವ ಲೆಕ್ಕ ಅದು. ಹಾಗಾಗಿ ದೂರದ ಪ್ರಯಾಣವನ್ನು ಹುಣ್ಣಿಮೆಯ ಆಸುಪಾಸಿಗೆ ಇಟ್ಟುಕೊಳ್ಳುವುದು ರೂಢಿ. ಬೆಳದಿಂಗಳಿಗಿಂತ ದೊಡ್ಡ ಬ್ಯಾಟ್ರಿ ಆಗ ಯಾರ ಬಳಿಯೂ ಇರಲಿಲ್ಲ.

ಆಮೇಲೆ ಸೀಮೆಎಣ್ಣೆ ಬಂತು, ಜೊತೆಗೆ ಬುಡ್ಡಿ, ಲಾಟೀನು. 1910ರಲ್ಲಿ ಬರ್ಲಿನ್ನಿನ ಕಂಪನಿಯೊಂದು ಪೆಟ್ರೋಮ್ಯಾಕ್ಸ್ ಮಾಡಿತು. ಮದುವೆ ಮನೆಗೆ, ಯಕ್ಷಗಾನಕ್ಕೆ, ಜಾತ್ರೆಗೆ ನಾವು 'ಗ್ಯಾಸ್ ಲೈಟು' ಅಂತ ಬಾಡಿಗೆಗೆ ತಂದದ್ದು ಅದನ್ನೇ. ಬೆಳಕು ಜೋರಾಯಿತು, ಆದರೆ ಗುಣ ಸೂಡಿಯದ್ದೇ: ಸುತ್ತ ಹರಡುವ ಬೆಳಕು. ಒಂದು ಕಡೆಗೆ ಗುರಿ ಇಟ್ಟು ಕಳಿಸಲು ಬರುವುದಿಲ್ಲ. ಮಳೆಗಾಲದ ಗಾಳಿಗೆ ಕೈಯಲ್ಲಿ ಹಿಡಿದು ನಡೆಯುವುದೂ ಕಷ್ಟ.

ಕಾಫಿ ತೋಟದ ಬಿಳಿ ದೊರೆಗಳ ಕೈಯಲ್ಲೂ ಇದಕ್ಕಿಂತ ಹೆಚ್ಚೇನಿರಲಿಲ್ಲ. ಮಂಜರಾಬಾದ್ ಸೀಮೆಯಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಮೈಸೂರಿನ ಚಿನ್ನ, ಶಿಕಾರಿ ಮತ್ತು ಕಾಫಿ ಬಗ್ಗೆ ಬರೆದ ಪುಸ್ತಕ ಬಂದದ್ದು 1894ರಲ್ಲಿ. ಕೈಬ್ಯಾಟ್ರಿ ಹುಟ್ಟುವುದಕ್ಕೆ ಇನ್ನೂ ಐದು ವರ್ಷ ಇತ್ತು. ಕೋವಿ ದೊರೆಯದ್ದು ಒಳ್ಳೆಯದಿರಬಹುದು, ಕತ್ತಲು ಮಾತ್ರ ದೊರೆಗೂ ಆಳಿಗೂ ಒಂದೇ.

ಶೆಲ್ಲಿನ ಕಾಲ

1899ರ ಜನವರಿಯಲ್ಲಿ ಡೇವಿಡ್ ಮಿಸೆಲ್ ಎಂಬಾತನಿಗೆ ಅಮೆರಿಕದಲ್ಲಿ ಕೈಬ್ಯಾಟ್ರಿಯ ಪೇಟೆಂಟ್ ಸಿಕ್ಕಿತು. ಒಂದು ಕೊಳವೆ, ಅದರೊಳಗೆ ಸಾಲಾಗಿ ಒಣ ಶೆಲ್ಲು, ತುದಿಯಲ್ಲಿ ಬಲ್ಬು ಮತ್ತು ಹೊಳೆಯುವ ಬಟ್ಟಲು. ನೂರಿಪ್ಪತ್ತೈದು ವರ್ಷವಾದರೂ ಆಕಾರ ಬದಲಾಗಿಲ್ಲ. ಆಗಿನ ಶೆಲ್ಲು ಎಷ್ಟು ಬಡವೆಂದರೆ ಹೆಚ್ಚು ಹೊತ್ತು ಉರಿಸುವಂತಿರಲಿಲ್ಲ. ಮಿಂಚಿನಂತೆ ಬಿಟ್ಟು ಆರಿಸಬೇಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ 'ಫ್ಲ್ಯಾಶ್ ಲೈಟ್' ಎಂಬ ಹೆಸರು ಬಂದದ್ದು ಹೀಗೆ.

ಎವರೆಡಿ ಶೆಲ್ಲುಗಳು ಭಾರತಕ್ಕೆ ಬಂದದ್ದು 1905ರಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂತು. ಪೇಟೆಗೆ ತಂತಿಯ ಬೆಳಕು, ಹಳ್ಳಿಗೆ ಶೆಲ್ಲಿನ ಬೆಳಕು ಎಂಬ ಹಂಚಿಕೆ ಅಲ್ಲಿಂದಲೇ ಶುರುವಾಯಿತು ಅನ್ನಬಹುದು. 1939ರಲ್ಲಿ ಕಲ್ಕತ್ತಾದಲ್ಲಿ ಶೆಲ್ಲಿನ ಕಾರ್ಖಾನೆ ಬಂತು, 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ. ಅಲಹಾಬಾದಿನಿಂದ ಗೀಪ್ ಬಂತು. 1970ರ ದಶಕದಲ್ಲಿ ನಿಪ್ಪೋ, ನೋವಿನೋ ಶೆಲ್ಲುಗಳು ಬಂದವು. 'ಜೀವನ್ ಸಾಥಿ' ಎಂಬ ಹಿತ್ತಾಳೆಯ ಬ್ಯಾಟ್ರಿಯನ್ನು ಅಟ್ಟದ ಮೇಲೆ ಈಗಲೂ ಇಟ್ಟುಕೊಂಡ ಮನೆಗಳಿವೆ.

ಆ ಕಾಲದ ಅಳತೆ ಸುಲಭ. ಒಂದು ಶೆಲ್ಲಿಗೆ ಒಂದೂವರೆ ವೋಲ್ಟ್. ಎರಡು ಶೆಲ್ಲಿನದು ಮೂರು ವೋಲ್ಟ್, ಐದು ಶೆಲ್ಲಿನದು ಏಳೂವರೆ. ಶೆಲ್ಲು ಹೆಚ್ಚಿದಂತೆ ಬಲ್ಬು ಜೋರು, ಬೆಲೆ ಜೋರು, ಮಾಲೀಕನ ಮರ್ಯಾದೆಯೂ ಜೋರು. ರೈಟರ್ ಕೈಯಲ್ಲಿ ಮೂರು ಶೆಲ್ಲಿನದು, ಸಾಹುಕಾರರ ಕೈಯಲ್ಲಿ ಐದು ಶೆಲ್ಲಿನದು, ಆಳಿನ ಕೈಯಲ್ಲಿ ಬುಡ್ಡಿ. ತೋಟದ ಮೆಟ್ಟಿಲುಗಳನ್ನು ಕತ್ತಲಲ್ಲೂ ಗುರುತಿಸಬಹುದಿತ್ತು.

ಶೆಲ್ಲು ದುಬಾರಿಯಾದ್ದರಿಂದ ಅದನ್ನು ಬಾಳಿಸುವುದೂ ಒಂದು ವಿದ್ಯೆ. ಸೊರಗಿದ ಶೆಲ್ಲನ್ನು ಬಿಸಿಲಿಗಿಡುವುದು, ಮಳೆಗಾಲದಲ್ಲಿ ಒಲೆಯ ಪಕ್ಕ ಇಡುವುದು. ಇದು ಮೂಢನಂಬಿಕೆಯಲ್ಲ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಸ್ವಲ್ಪ ಹೊತ್ತಿಗೆ ಜೀವ ಬರುತ್ತದೆ. ಪೂರ್ತಿ ಸತ್ತ ಶೆಲ್ಲನ್ನು ಒಡೆದು ಒಳಗಿನ ಕಪ್ಪು ಪುಡಿಯನ್ನು ಸಗಣಿಗೆ ಕಲಸಿ ನೆಲ ಸಾರಿಸಿದ್ದೂ ಉಂಟು.

ಇನ್ನೊಂದು ಮಾತನ್ನು ಮರೆಯಬಾರದು. ಒಂಬತ್ತು ಅಂಕಿಯೊಳಗಿಂದ ಜಿಗಿಯುವ ಬೆಕ್ಕಿನ ಗುರುತಿನ ಶೆಲ್ಲು ಮಾಡುತ್ತಿದ್ದ ಕಂಪನಿಗೆ 1959ರಿಂದ ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದು ಹೆಸರು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತದ್ದು ಅದೇ ಕಂಪನಿಯ ಕೀಟನಾಶಕ ಕಾರ್ಖಾನೆಯಿಂದ. 1994ರಲ್ಲಿ ಕಂಪನಿ ಕೈ ಬದಲಾಯಿಸಿತು. ಅಮೆರಿಕದ ಮೂಲ ಕಂಪನಿಯ ಷೇರು ಮಾರಿದ ಹಣದಿಂದ ಭೋಪಾಲದಲ್ಲಿ ಸಂತ್ರಸ್ತರಿಗೆ ಆಸ್ಪತ್ರೆ ಕಟ್ಟಲಾಯಿತು. ನಮ್ಮ ಗದ್ದೆ ಅಂಚಿನ ಬೆಳಕಿಗೂ ಆ ಊರಿಗೂ ಇಂಥದೊಂದು ನಂಟಿದೆ.

ಕೋವಿಯ ಮೇಲಿನ ಬೆಳಕು

ದೂರಕ್ಕೆ ಹೋಗುವ ಬೆಳಕನ್ನು ಮೊದಲು ಬಯಸಿದವರು ಶಿಕಾರಿಯವರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೋವಿಗೆ ಬ್ಯಾಟ್ರಿ ಕಟ್ಟಿಕೊಂಡು ಅಟ್ಟಣೆಯಲ್ಲಿ ರಾತ್ರಿ ಕಳೆದ ಕತೆಗಳನ್ನು ನಮ್ಮ ಮೂಡಿಗೆರೆಯಲ್ಲೇ ಇದ್ದ ಪೂರ್ಣಚಂದ್ರ ತೇಜಸ್ವಿ 'ಕಾಡಿನ ಕಥೆಗಳು' ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಬೆಳಕು ಬಿದ್ದಾಗ ಹೊಳೆಯುವ ಎರಡು ಕಣ್ಣು ಅಂತಹ ಕತೆಗಳನ್ನು ಓದಿದವರಿಗೆಲ್ಲ ಗೊತ್ತು. ಹುಲಿ, ಚಿರತೆ, ಕಡವೆ ಮುಂತಾದವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರವಿದೆ. ಬಿದ್ದ ಬೆಳಕನ್ನು ಅದು ವಾಪಸ್ ಕಳಿಸುತ್ತದೆ. ಹಾಗಾಗಿ ದೇಹ ಕಾಣದಷ್ಟು ದೂರದಲ್ಲೂ ಕಣ್ಣು ಕಾಣುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಕಾನೂನಿನ ಪ್ರಕಾರ ಆ ಕಾಲ ಮುಗಿಯಿತು. ಈಗ ದೂರದ ಬೆಳಕು ಬೇಕಾಗಿರುವುದು ಕೊಲ್ಲುವವರಿಗಲ್ಲ, ಬದುಕಿ ಮನೆ ಸೇರಬೇಕಾದವರಿಗೆ. 2022ರ ನವೆಂಬರಿನಲ್ಲಿ ಕುಂದೂರು ಬಳಿಯ ಹುಲ್ಲೆಮನೆಯಲ್ಲಿ ಮಹಿಳೆಯೊಬ್ಬರು ಆನೆ ದಾಳಿಗೆ ಬಲಿಯಾದಾಗ ಜನರ ಸಿಟ್ಟು ಶಾಸಕರ ಮೇಲೂ ತಿರುಗಿತ್ತು. ಮುಂದಿನ ತಿಂಗಳೇ ಜನ 'ಭೈರ' ಎಂದು ಕರೆಯುತ್ತಿದ್ದ ಸಲಗವನ್ನು ಅರಣ್ಯ ಇಲಾಖೆ ಹಿಡಿದು ಸಾಗಿಸಿತು. ಆನೆಗಳ ಸಮಸ್ಯೆ ಅದರಿಂದ ಮುಗಿಯಲಿಲ್ಲ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ.

ಆನೆ ಜೋರಾಗಿ ಬಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ನಿಮ್ಮ ಬ್ಯಾಟ್ರಿಗೆ ಅದು 30 ಮೀಟರಿನಲ್ಲಿ ಕಂಡರೆ ನಿಮಗಿರುವುದು ನಾಲ್ಕು ಸೆಕೆಂಡು. 140 ಮೀಟರಿನಲ್ಲಿ ಕಂಡರೆ ಇಪ್ಪತ್ತು ಸೆಕೆಂಡು. ಬೆಳಕಿನ ದೂರ ಅಂದರೆ ಇಲ್ಲಿ ಸಮಯ.

ಲ್ಯುಮೆನ್ ಬಂದ ಮೇಲೆ

ಹೊಸ ಬೆಳಕಿನ ಹಿಂದೆ ಎರಡು ಸಂಶೋಧನೆಗಳಿವೆ. 1990ರ ದಶಕದಲ್ಲಿ ಜಪಾನಿನ ಅಕಾಸಾಕಿ, ಅಮಾನೊ, ನಕಮುರಾ ಸೇರಿ ಸಾಧ್ಯವಾಗಿಸಿದ ಪ್ರಖರ ನೀಲಿ ಎಲ್‌ಇಡಿ. ಬಿಳಿ ಎಲ್‌ಇಡಿ ಹುಟ್ಟಿದ್ದು ಅದರಿಂದ. ಅದಕ್ಕೆ 2014ರಲ್ಲಿ ನೊಬೆಲ್ ಬಂತು. ಇನ್ನೊಂದು 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿ. ಎರಡು ಶೆಲ್ಲಿನ ಹಳೆ ಬಲ್ಬು ಕೊಡುತ್ತಿದ್ದದ್ದು ಹತ್ತು ಹದಿನೈದು ಲ್ಯುಮೆನ್. ಇವತ್ತು ಅದೇ ಗಾತ್ರದ ಒಳ್ಳೆಯ ಬ್ಯಾಟ್ರಿ ಸಾವಿರ ಲ್ಯುಮೆನ್ ಕೊಡುತ್ತದೆ. 9 ವ್ಯಾಟಿನ ಮನೆ ಬಲ್ಬು ಕೊಡುವುದೂ ಹೆಚ್ಚು ಕಡಿಮೆ ಅಷ್ಟೇ.

ಆದರೆ ಮನೆಯ ಬಲ್ಬು ದೂರ ಹೋಗುವುದಿಲ್ಲ, ಬ್ಯಾಟ್ರಿ ಹೋಗುತ್ತದೆ. ವ್ಯತ್ಯಾಸ ಇಲ್ಲಿದೆ. ಲ್ಯುಮೆನ್ ಎಂದರೆ ಹೊರಬಂದ ಒಟ್ಟು ಬೆಳಕು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಅದು ಎಷ್ಟು ಗಟ್ಟಿಯಾಗಿ ಹೋಗುತ್ತದೆ ಎಂಬುದು. ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಬಹುದು, ಪೈಪಿನ ಬಾಯಿ ಒತ್ತಿ ದೂರಕ್ಕೆ ಹಾರಿಸಲೂಬಹುದು. ನೀರು ಅಷ್ಟೇ. ಆಳವಾದ, ಅಗಲ ಬಾಯಿಯ, ನುಣುಪು ಬಟ್ಟಲು ಇದ್ದರೆ ದೂರದ ಬೆಳಕು. ತರಿತರಿಯಾದ ಇಲ್ಲವೇ ಆಳವಿಲ್ಲದ ಬಟ್ಟಲು ಇದ್ದರೆ ಹರಡು ಬೆಳಕು.

ದೂರವನ್ನು ಹೇಳಲು 2009ರಲ್ಲಿ ಅಮೆರಿಕದಲ್ಲಿ ಒಂದು ಮಾನದಂಡ ಬಂತು. ಬೆಳಕು ಕಾಲು ಲಕ್ಸ್‌ಗೆ ಇಳಿಯುವ ಜಾಗವೇ ಬ್ಯಾಟ್ರಿಯ ದೂರ. ಕಾಲು ಲಕ್ಸ್ ಅಂದರೆ ಸುಮಾರಾಗಿ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳು. ನಮ್ಮ ಹಿರಿಯರು ಪ್ರಯಾಣಕ್ಕೆ ಇಟ್ಟುಕೊಂಡಿದ್ದ ಅಳತೆಗೇ ಪ್ರಯೋಗಾಲಯವೂ ಬಂದು ನಿಂತಿತು.

ಇದರ ಲೆಕ್ಕ ತಿಳಿದುಕೊಂಡರೆ ಡಬ್ಬಿಯ ಸುಳ್ಳು ಗೊತ್ತಾಗುತ್ತದೆ. 10,000 ಕ್ಯಾಂಡೆಲಾಗೆ 200 ಮೀಟರ್. 400 ಮೀಟರ್ ಬೇಕಾದರೆ 20,000 ಸಾಲದು, 40,000 ಬೇಕು. ದೂರ ಎರಡರಷ್ಟಾಗಲು ಬೆಳಕು ನಾಲ್ಕರಷ್ಟಾಗಬೇಕು. ಡಬ್ಬಿಯ ಮೇಲೆ ಲ್ಯುಮೆನ್ ಮಾತ್ರ ಬರೆದು ಕ್ಯಾಂಡೆಲಾ ಬರೆಯದಿದ್ದರೆ ದೂರದ ಮಾತನ್ನು ನಂಬಬೇಡಿ.

ನಿಮ್ಮ ಫೋನಿನಲ್ಲೇ ಪರೀಕ್ಷೆ ಮಾಡಬಹುದು. ಬೆಳಕು ಅಳೆಯುವ ಉಚಿತ ಆ್ಯಪ್ ಹಾಕಿಕೊಳ್ಳಿ. ಕತ್ತಲಾದ ಮೇಲೆ ಕಣದಲ್ಲಿ 10 ಮೀಟರ್ ಅಳೆದು, ಆ ತುದಿಯಲ್ಲಿ ಫೋನ್ ಇಟ್ಟು, ಈ ತುದಿಯಿಂದ ಬ್ಯಾಟ್ರಿಯ ನಡುಬೆಳಕು ಫೋನಿನ ಮುಖಕ್ಕೆ ಬೀಳುವಂತೆ ಬಿಡಿ. ಬಂದ ಲಕ್ಸ್ ಅಂಕಿಯನ್ನು ನೂರರಿಂದ ಗುಣಿಸಿ. 100 ಲಕ್ಸ್ ತೋರಿಸಿದರೆ 10,000 ಕ್ಯಾಂಡೆಲಾ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೆ ಎರಡು ಬ್ಯಾಟ್ರಿಗಳಲ್ಲಿ ಯಾವುದು ಮೇಲು ಎಂದು ಹೇಳಲು ಧಾರಾಳ ಸಾಕು. ಅರ್ಧ ಗಂಟೆ ಉರಿಸಿ ಮತ್ತೊಮ್ಮೆ ಅಳೆಯಿರಿ. ಅಗ್ಗದ ಬ್ಯಾಟ್ರಿಗಳ ಬಣ್ಣ ಬಯಲಾಗುವುದು ಆಗಲೇ.

ತೋಟದ ದಾರಿಗೆ ಯಾವುದು?

ಹಾಗಾದರೆ ಅತಿ ದೂರದ ಬೆಳಕೇ ಒಳ್ಳೆಯದೇ? ಗದ್ದೆ ಬಯಲು, ಟಾರು ರಸ್ತೆ, ಕೆರೆ ಏರಿಯ ಮೇಲೆ ಹೌದು. ಅಲ್ಲೂ ಬರೆದ ದೂರದಲ್ಲಿ ಅರ್ಧವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳದಿಂಗಳಿನಷ್ಟು ಬೆಳಕಿನಲ್ಲಿ ಮರದ ನೆರಳಲ್ಲಿ ನಿಂತ ಕಪ್ಪು ಆನೆ ಕಾಣುವುದಿಲ್ಲ. ಅರ್ಧ ದೂರದಲ್ಲಿ ಬೆಳಕು ನಾಲ್ಕರಷ್ಟಿರುತ್ತದೆ.

ತೋಟದ ಒಳಗೆ ಲೆಕ್ಕ ಬೇರೆ. ಎರಡೂ ಕಡೆ ಆಳೆತ್ತರದ ಕಾಫಿ ಗಿಡ, ಹತ್ತು ಮಾರಿಗೊಂದು ತಿರುವು. 500 ಮೀಟರಿನ ಬೆಳಕು ಮೊದಲ ಗಿಡಕ್ಕೇ ಬಡಿದು ನಿಲ್ಲುತ್ತದೆ. ಹತ್ತಿರದ ಎಲೆಯ ಹೊಳಪು ನಿಮ್ಮ ಕಣ್ಣನ್ನೇ ಕುಕ್ಕುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಕೆಟ್ಟರೆ ಮತ್ತೆ ಸರಿಯಾಗಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು. ಇಲ್ಲಿ ಮಂದವಾದ ಹರಡು ಬೆಳಕೇ ಸರಿ. ಕಾಲ ಬುಡದ ಕೊಳಕುಮಂಡಲ ಕಾಣಬೇಕು. ತಿರುವಿನಲ್ಲಿ ನಿಂತು ಕಿವಿಗೊಡಬೇಕು. ಕೊಂಬೆ ಮುರಿಯುವ ಸದ್ದನ್ನು ಯಾವ ಬ್ಯಾಟ್ರಿಯೂ ತೋರಿಸುವುದಿಲ್ಲ.

ಮಂಜಿನಲ್ಲಿ ಹಣೆಗೆ ಕಟ್ಟಿದ ಲೈಟು ಕಣ್ಣೆದುರು ಬಿಳಿ ಗೋಡೆ ಎಬ್ಬಿಸುತ್ತದೆ. ಹನಿಗಳಿಗೆ ಬಡಿದ ಬೆಳಕು ನೇರ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬ್ಯಾಟ್ರಿಯನ್ನು ಸೊಂಟದ ಕೆಳಗೆ ಹಿಡಿದರೆ ದಾರಿ ಕಾಣುತ್ತದೆ.

ಮುಖ್ಯವಾದ ಮಾತು: ಬೆಳಕು ಆನೆ ಓಡಿಸುವ ಆಯುಧವಲ್ಲ. ಆನೆ ಕಂಡರೆ ಅದರ ಮುಖಕ್ಕೆ ಮಿಣುಕು ಬೆಳಕು ಬಿಟ್ಟು ಕೆಣಕುವುದು, ಫೋಟೊಕ್ಕೆ ಹತ್ತಿರ ಹೋಗುವುದು ಬೇಡ. ಕಂಡ ಕೂಡಲೇ ಹಿಂದೆ ಸರಿಯುವುದಕ್ಕೆ ಬೆಳಕು ಇರುವುದು. ಹಗಲಿನಲ್ಲೂ ದಾಳಿಗಳಾಗುತ್ತವೆ, ಎಲ್ಲಕ್ಕೂ ಬ್ಯಾಟ್ರಿ ಉತ್ತರವಲ್ಲ.

ಆದರೂ ಒಂದು ಪ್ರಶ್ನೆಯನ್ನು ತೋಟದ ಮಾಲೀಕರು ಕೇಳಿಕೊಳ್ಳಬೇಕು. ಕುಯ್ಲಿನ ಕಾಲದಲ್ಲಿ ಅಸ್ಸಾಮಿನಿಂದ, ತಮಿಳುನಾಡಿನಿಂದ ಬಂದವರು ನಮ್ಮ ಲೈನ್ ಮನೆಗಳಲ್ಲಿರುತ್ತಾರೆ. ಅವರಿಗೆ ಈ ದಾರಿ ಹೊಸದು, ಆನೆ ಎಚ್ಚರಿಕೆಯ ಕನ್ನಡ ಬೋರ್ಡು ಓದಲು ಬಾರದು. ಮುಂಜಾನೆ ನೀರಿಗೆ, ರಾತ್ರಿ ಬಯಲಿಗೆ ಹೋಗುವಾಗ ಅವರ ಕೈಯಲ್ಲಿರುವುದು ಬಹಳ ಸಲ ಫೋನಿನ ಪುಟ್ಟ ಲೈಟು. ಅದು ತೋರಿಸುವುದು ಸೂಡಿ ತೋರಿಸುತ್ತಿದ್ದಷ್ಟೇ, ನಾಲ್ಕು ಹೆಜ್ಜೆ.

ಹಿಂದೆ ಐದು ಶೆಲ್ಲಿನ ಬ್ಯಾಟ್ರಿ ಸಾಹುಕಾರರ ಕೈಯಲ್ಲಿತ್ತು, ಏಕೆಂದರೆ ಅದು ದುಬಾರಿ. ಇವತ್ತು ಅದಕ್ಕಿಂತ ಹತ್ತುಪಟ್ಟು ಒಳ್ಳೆಯ ಬೆಳಕಿನ ಬೆಲೆ ಎರಡು ಮೂರು ದಿನದ ಕೂಲಿ. ಕುಕ್ಕೆ, ಚೀಲ, ಕತ್ತಿ ಕೊಡುವಾಗ ಲೈನ್ ಮನೆಗೊಂದು ಬ್ಯಾಟ್ರಿಯನ್ನೂ ಕೊಡಬಹುದು. ಕೊಡುವ ಮೊದಲು ಹತ್ತು ಮೀಟರ್ ಅಳೆದು ನೋಡಿ ಕೊಡಿ.